ರಹಮಾನಸಾಬನ ಹದಿಮೂರು ಚುಕ್ಕಿ

ಅಲರ್ಜಿ ಪರೀಕ್ಷೆಗೆ ಮುಂಚೆ ಏಳು ದಿನ ತುರಿಕೆಯ ಗುಳಿಗೆ ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದೇ ಬೆಟಗೇರಿಯ ನೇಕಾರ ರಹಮಾನಸಾಬನ ಫಜೀತಿಗೆ ಮೂಲವಾಯಿತು. ಮೈತುಂಬ ರೊಟ್ಟಿಯಗಲದ ಗಂಧೆ. ಮಗ್ಗದಲ್ಲಿ ಲಾಳಿ ಒಂದು ಸಲ ಓಡುವಷ್ಟರಲ್ಲಿ ಅವನ ಕೈ ಬೆನ್ನಿಗೆ ನಾಲ್ಕು ಸಲ ಓಡುತ್ತಿತ್ತು. ಕೆರೆದು ಕೆರೆದು ಅಂಗಿಗೆ ರಕ್ತ ಅಂಟಿತ್ತು.

ಆದರೂ ತಡೆದುಕೊಂಡ. ಹೋದ ತಿಂಗಳು ಶಿಗ್ಲಿಯ ಮದುವೆಯಲ್ಲಿ ಉಂಡು ಏಳುವಷ್ಟರಲ್ಲೇ ಗಂಟಲು ಬಿಗಿದು, ಉಸಿರು ಕಟ್ಟಿ, ಇಂಜೆಕ್ಷನ್ನಿನ ಪುಣ್ಯದಿಂದ ಬದುಕಿ ಬಂದವನು ಅವನು. ಯಾವ ಪದಾರ್ಥ ಕೊಲ್ಲಲು ಬಂದಿತ್ತೋ ತಿಳಿಯದೆ, ಅಂದಿನಿಂದ ಗಂಜಿ, ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ. ಇವತ್ತು ಪರೀಕ್ಷೆ.

ಬೆಳಿಗ್ಗೆ ಹೆಂಡತಿ ಅಲ್ಮಾಸಬಿ ಚಹಾ ಕೊಟ್ಟಳು. ಪಕ್ಕದ ಮನೆಯ ತಿರಕಪ್ಪ ಕರೆದು ಮತ್ತೆ ಕುಡಿಸಿದ. ಮೂವರೂ ಆಟೋ ಹತ್ತಿ ಗದಗಿನ ದವಾಖಾನೆಗೆ ಹೋದರು. ಸರದಿ ಬರುವ ಹೊತ್ತಿಗೆ ತುರಿಕೆ ಮಾಯ!

"ಚರ್ಮದಾಗ ಮಾಸ್ಟ್ ಕಣ, ರಕ್ತದಾಗ ಬೇಸೋಫಿಲ್ ಅಂತ ಕಾವಲುಗಾರರು ಇರ್ತಾರ," ಎಂದರು ಡಾಕ್ಟರ್ ಬಾಯಾರು. "ಹುಳ, ವಿಷ ಬಂದ್ರ ಉಳಿದವ್ರನ್ನ ಕೂಗಿ ಕರಿಯೋದು ಅವ್ರ ಕೆಲಸ. ನಿಮ್ಮವ್ರು ಬೀಗರು ಬಂದ್ರೂ ಮನಿಗೇ ಬೆಂಕಿ ಹಚ್ಚಾಕತ್ತಾರ. ಯಾವ ತಿನಿಸು ಆ ಬೀಗರು ಅಂತ ಹುಡುಕೂಣು."

ಶೇಂಗಾ, ಗೋಧಿ, ತತ್ತಿ, ಮೀನು... ತೋಳಿನ ಮೇಲೆ ಹದಿಮೂರು ಹನಿ, ಹದಿಮೂರು ಚುಚ್ಚು. ಮೈಗೆ ಒಗ್ಗದ ಪದಾರ್ಥದ ಚುಕ್ಕಿ ಉಬ್ಬಬೇಕು; ಇಪ್ಪತ್ತು ನಿಮಿಷವಾದರೂ ಒಂದೂ ಉಬ್ಬಲಿಲ್ಲ.

"ಯಾ ಅಲ್ಲಾ! ನನಗೇನೂ ಇಲ್ಲ! ಇವತ್ತ ಬಿರ್ಯಾನಿ ತಿಂತೀನಿ!"

"ತಡೀರಿ. ಈ ಕೊನೀ ಚುಕ್ಕಿ ತಿನಿಸಿಂದಲ್ಲ, ತುರಿಕಿ ಎಬ್ಬಿಸೋ ರಸದ್ದು; ಎಂಥಾ ಗಟ್ಟಿ ಆಳಿಗೂ ಉಬ್ಬಬೇಕು. ಅದೂ ಉಬ್ಬಿಲ್ಲ. ತುರಿಕಿ ಗುಳಿಗಿ ತಗೊಂಡ್ರಷ್ಟ ಹಿಂಗಾಗೂದು. ತಗೊಂಡೀರೇನು?"

"ಅಲ್ಲಾನ ಆಣಿ, ಇಲ್ರಿ!"

ಅಲ್ಮಾಸಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಚಹಾದಾಗ ನಾನ ಅರದು ಹಾಕಿದ್ನಿರಿ. ಇವ್ರು ರಕ್ತ ಬರೂ ಹಂಗ ಕೆರಕೊಳ್ಳೂದು ನೋಡಾಕ ಆಗ್ಲಿಲ್ರಿ."

ತಿರಕಪ್ಪ ಕೆಮ್ಮಿದ. "ನಾನೂ ಒಂದು ಹಾಕಿದ್ನಿರಿ. ಅಕ್ಕಾರು ಹಾಕ್ಯಾರಂತ ನನಗೇನ ಗೊತ್ತು?"

"ಪರೀಕ್ಷಾ ಕೆಡ್ತು," ಎಂದು ಬಾಯಾರು ಪೆಟ್ಟಿಗೆ ಮುಚ್ಚಿದರು. "ಮತ್ತ ಏಳು ದಿನ ಗುಳಿಗಿ ಬಂದ್. ಅಲ್ಲೀತನಕ ಗಂಜೀನ. ಬ್ಯಾರೆ ಏನರ ತಿಂದ್ರ, ಈ ಸಲ ಉಳಿಯೂದು ಕಠಿಣ."

ರಹಮಾನಸಾಬನ ಕಣ್ಣು ಕೆಂಪಾದವು. ಏಳು ದಿನದ ನರಕವನ್ನು ಎರಡು ಚಹಾದಲ್ಲಿ ಕರಗಿಸಿದ ಈ ಇಬ್ಬರಿಗೂ ಜನ್ಮ ಜಾಲಾಡುವಂತೆ ಬೈಯಬೇಕೆಂದು ದೊಡ್ಡದಾಗಿ ಬಾಯಿ ತೆರೆದ.

ಆಕಳಿಕೆ ಬಂತು. ಎರಡು ಗುಳಿಗೆಯ ನಿದ್ದೆ ಒಟ್ಟಿಗೇ ಎಳೆದು, ಅಲ್ಲೇ ಬೆಂಚಿನ ಮೇಲೆ, ತಿರಕಪ್ಪನ ಹೆಗಲಿಗೇ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ.