ಗೇರ್ ಕೋಲಿನ ಕೆಂಪು ಗುಂಡಿ

ಅಂದಿನ ಅನಾಹುತಕ್ಕೆಲ್ಲ ಕಾರಣ ಹೆಬ್ಬೆಟ್ಟಿನಷ್ಟು ದಪ್ಪದ ಒಂದು ಕೆಂಪು ಗುಂಡಿ. ತೀರಿಕೊಂಡ ಮಾವನವರ ಹಳೆಯ ಲಾರಿಯ ಗೇರ್ ಕೋಲಿನ ಮೇಲೆ ಅದು ಕೂತಿತ್ತು. ಆ ಲಾರಿಯ ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್‌ಗೆ ಎರಡು ವೇಗ. ಭಾರ ಹೊತ್ತು ದಿಬ್ಬ ಹತ್ತಲು ನಿಧಾನದ್ದು, ಬಯಲಲ್ಲಿ ಓಡಲು ಜೋರಿನದು. ಗುಂಡಿಯನ್ನು ಎತ್ತಿಯೋ ಒತ್ತಿಯೋ ಕ್ಲಚ್ ತುಳಿದು ಬಿಟ್ಟರೆ, ಆಕ್ಸಲ್ ಮೇಲಿನ ಪುಟ್ಟ ಮೋಟಾರು ‘ಟಕ್’ ಎಂದು ವೇಗ ಬದಲಿಸುತ್ತಿತ್ತು.

ಅತ್ತೆಯವರು ಒಂದೇ ಮಾತು ಹೇಳಿದ್ದರು. “ದಿಬ್ಬದ ಮೇಲಿನ ಶಾಲೆಗೆ ಇಟ್ಟಿಗೆ ತಂದುಕೊಡ್ತೀನಿ ಅಂತ ಅವರು ಮಾತು ಕೊಟ್ಟಿದ್ರು. ಆ ಮಾತು ಬಾಕಿ ಉಳಿದಿದೆ. ಮಗನೋ ಅಳಿಯನೋ, ಯಾರು ಇಟ್ಟಿಗೆ ಮೇಲೆ ಮುಟ್ಟಿಸ್ತಾರೋ ಲಾರಿ ಅವರದ್ದು. ಇಬ್ಬರ ಕೈಲೂ ಆಗದಿದ್ರೆ ಗುಜರಿಗೆ.”

ಬೆಳಿಗ್ಗೆ ಮಗ ಹೊರಟ. ತಾಯಿ ಎಂದಿನಂತೆ ಪಕ್ಕದ ಸೀಟು ಹತ್ತಲು ಬಂದರೆ, “ನೀನು ಬೇಡಮ್ಮ, ಭಾರ ಜಾಸ್ತಿ ಆಗುತ್ತೆ” ಎಂದು ಇಳಿಸಿದ. ಹಿಂದೆ ಲಾರಿ ತುಂಬ ಇಟ್ಟಿಗೆ; ಆ ಮಹಾಶಯನಿಗೆ ಭಾರವಾದದ್ದು ಹೆತ್ತವಳು! ಅರ್ಧ ದಿಬ್ಬದಲ್ಲಿ ಲಾರಿ ಉಬ್ಬಸದ ಮುದುಕನಂತೆ ಏದುಸಿರುಬಿಟ್ಟು ನಿಂತಿತು. ದಿಬ್ಬದ ಬುಡದಲ್ಲೇ ಇದ್ದ ಮನೆಯ ಮುಂದಕ್ಕೆ ಹಿಮ್ಮುಖವಾಗಿಯೇ ಇಳಿಸಿಕೊಂಡು ಬಂದ.

“ಆಕ್ಸಲ್ ಸತ್ತಿದೆ ಭಾವ,” ಎಂದ. “ಗುಂಡಿ ಎಷ್ಟು ಒತ್ತಿದ್ರೂ ನಿಧಾನಕ್ಕೆ ಬರೋದೇ ಇಲ್ಲ.”

ಭಾವನಿಗೆ, ಅಂದರೆ ಮನೆಯ ಅಳಿಯನಿಗೆ, ಹಾಲು ಕುಡಿದಷ್ಟು ಸಂತೋಷ. ಈತ ನೀರು ಸರಬರಾಜು ಕಚೇರಿಯ ಗುಮಾಸ್ತ. ಬೀದಿಯವರು ಇಟ್ಟ ಹೆಸರು ಎಲ್ಲಬಲ್ಲ. ಅಡುಗೆಮನೆಯ ನಲ್ಲಿ ಸರಿಮಾಡಲು ಹೋಗಿ ಇಡೀ ಬೀದಿಯ ನೀರು ನಿಲ್ಲಿಸಿದ ಕೀರ್ತಿವಂತ.

“ಸರಿ ಮಾಡಿ ಸಂಜೆಯೊಳಗೆ ಹತ್ತಿಸ್ತೀನಿ,” ಎಂದು ಅಂಗಿಯ ತೋಳು ಮಡಿಸಿದ.

“ಅಮ್ಮನ್ನ ಒಂದು ಮಾತು ಕೇಳ್ರೀ,” ಎಂದಳು ಹೆಂಡತಿ.

“ನಿಮ್ಮಮ್ಮನಿಗೆ ಲಾರಿ ವಿಷಯ ಏನೇ ಗೊತ್ತು? ಕಿಟಕಿ ಪಕ್ಕ ಕೂತು ಗಾಳಿ ಕುಡಿದೋರು!”

ಲಾರಿಯಡಿ ಎರಡು ಕಾಲು ಕಂಡರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸಲಹೆಗಾರರು ಮುತ್ತುತ್ತಾರೆ. ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ದರ್ಜಿ, ರೇಡಿಯೊ ರಿಪೇರಿಯವ, ಮೂವರೂ ತಮ್ಮ ಬೆಂಚನ್ನೇ ಹೊತ್ತು ತಂದು ಲಾರಿಯ ಹಿಂದೆ ಹಾಕಿಕೊಂಡರು. ದುಡಿಯುವವನಿಗೆ ನೆರಳು ಕೊಡದ ಜನ, ಉಪದೇಶ ಮಾತ್ರ ಧಾರಾಳ.

“ಎಣ್ಣೆ ಗಟ್ಟಿಯಾಗಿದೆ. ಕೆಳಗಿನ ಬೋಲ್ಟು ಬಿಚ್ಚಿ!” ಎಂದು ಮೇಷ್ಟ್ರು ಆಜ್ಞಾಪಿಸಿದರು.

ಬಿಚ್ಚಿದ. ಆಕ್ಸಲ್ಲಿನ ಕಪ್ಪೆಣ್ಣೆಯೆಲ್ಲ ಅವನ ಎದೆಯ ಮೇಲೆ ಅಭಿಷೇಕವಾಯಿತು.

“ಈ ಅಂಗಿ ಹೊಲಿದೋನು ನಾನು,” ಎಂದು ದರ್ಜಿ ನಿಟ್ಟುಸಿರುಬಿಟ್ಟ. “ಎಣ್ಣೆ ಕುಡಿಯೋಕೆ ಹೊಲಿದಿರಲಿಲ್ಲ.”

ಹೊಸ ಎಣ್ಣೆ ತುಂಬಿದ್ದಾಯಿತು. ಆಮೇಲೆ ಮೋಟಾರಿನ ಮುಚ್ಚಳ ತೆಗೆದರೆ ಒಳಗಿನ ಸ್ಪ್ರಿಂಗು ಮಿಡತೆಯಂತೆ ಹಾರಿ ದರ್ಜಿಯ ಮನೆಯ ಹೆಂಚಿನ ಮೇಲೆ ಕೂತಿತು. ಅದನ್ನು ಇಳಿಸಲು ಹತ್ತಿದ ಎಲ್ಲಬಲ್ಲ ಹೆಂಚು ಒಡೆದು ಸೊಂಟದವರೆಗೆ ಒಳಗಿಳಿದ. ಕೆಳಗೆ ದರ್ಜಿಯ ಹೆಂಡತಿ, “ಅಯ್ಯಯ್ಯೋ, ಮಾಡಿನಿಂದ ಯಾರದೋ ಕಾಲು!” ಎಂದು ಕಿರುಚಿದಳು.

“ಗಾಬರಿಯಾಗ್ಬೇಡ ಕಣೇ, ನಮ್ಮ ಎಲ್ಲಬಲ್ಲ!” ಎಂದು ದರ್ಜಿ ಕೂಗಿದ.

“ಹಾಗಾದ್ರೆ ಗಾಬರಿ ಆಗ್ಲೇಬೇಕು!”

ಕೊನೆಗೆ ಸ್ಪ್ರಿಂಗನ್ನು ಮತ್ತೆ ಕೂರಿಸುವಾಗ ರೇಡಿಯೊದವ ಮೋಟಾರಿಗೆ ಮೂಗು ತಾಗಿಸಿ ನೋಡಿ, “ಸಿಕ್ತು!” ಎಂದ. “ಎರಡು ವೈರು ಅದಲುಬದಲು. ಲೋಕದಲ್ಲೆಲ್ಲ ಒತ್ತಿದ್ರೆ ನಿಧಾನ, ಎತ್ತಿದ್ರೆ ಜೋರು. ಇಲ್ಲಿ ಉಲ್ಟಾ! ಯಾವ ಕತ್ತೆ ಕೂರಿಸಿತೋ!”

ಎಲ್ಲಬಲ್ಲ ತೀರಿಕೊಂಡವರನ್ನೂ ಬಿಡಲಿಲ್ಲ. “ಮಾವನವರು ದೇವರಂಥೋರು. ಆದ್ರೆ ವೈರಿನ ವಿಷಯದಲ್ಲಿ ಶುದ್ಧ ಶೂನ್ಯ,” ಎಂದು ವೈರುಗಳನ್ನು ಬದಲಿಸಿ ಬಿಗಿದ. ಗುಂಡಿ ಒತ್ತಿದ. ಟಕ್! ಎತ್ತಿದ. ಟಕ್! ಬೆಂಚು ಚಪ್ಪಾಳೆ ತಟ್ಟಿತು.

ಸಂಜೆ ಅತ್ತೆಯವರು ತಲೆ ಬಾಚಿ, ದೇವರಿಗೆ ದೀಪ ಹಚ್ಚಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಅಳಿಯ ಭಾಮೈದನಿಗಿಂತ ದೊಡ್ಡ ಮನಸ್ಸು ತೋರಿಸಲು, “ಕೂತ್ಕೊಳ್ಳಿ ಅತ್ತೆ, ಗೆಲ್ಲೋದನ್ನ ಕಣ್ಣಾರೆ ನೋಡಿ,” ಎಂದ. ಅವರು ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿಕೊಂಡರು.

ದಿಬ್ಬದ ಬುಡದಲ್ಲಿ ಗುಂಡಿ ಒತ್ತಿದ. ಟಕ್! ಲಾರಿ ಬಸುರಿ ಎಮ್ಮೆಯಂತೆ ಗಂಭೀರವಾಗಿ ಹತ್ತತೊಡಗಿತು. ಮಗ ನಿಂತ ಜಾಗವನ್ನು ದಾಟಿತು. ಶಾಲೆಯ ಗೇಟು ಕಂಡಿತು. ಎಲ್ಲಬಲ್ಲ ಆಗಲೇ ಲಾರಿಯ ಮೇಲೆ ತನ್ನ ಹೆಸರು ಬರೆಸುವ ಬಣ್ಣವನ್ನು ಯೋಚಿಸುತ್ತಿದ್ದ.

ಗೇಟಿನ ಮುಂದಿನ ಕಡಿದಾದ ತಿರುವು ಬಂತು. ಒಂದು ಗೇರು ಇಳಿಸಲು ಕ್ಲಚ್ ತುಳಿದ. ಅಷ್ಟರಲ್ಲಿ ಅತ್ತೆಯವರ ಕೈ ತಾನಾಗಿಯೇ ಚಾಚಿ, ಕೆಂಪು ಗುಂಡಿಯನ್ನು ನಯವಾಗಿ ಮೇಲಕ್ಕೆ ಎತ್ತಿತು.

ಟ... ಎಂದಿತು, ಕ್ ಎನ್ನಲಿಲ್ಲ. ಆಕ್ಸಲ್ ಎರಡು ವೇಗಗಳ ನಡುವೆ ಸಿಕ್ಕಿಕೊಂಡು ಯಾವುದಕ್ಕೂ ಸೇರದೆ ಹೋಯಿತು. ಎಂಜಿನ್ ಅರಚಿತು, ಚಕ್ರ ಕೇಳಲಿಲ್ಲ. ಲಾರಿ ಹಿಂದಕ್ಕೆ ಜಾರಿತು. ಹಳೆಯ ಬ್ರೇಕು ಗೊಣಗಿತೇ ಹೊರತು ಹಿಡಿಯಲಿಲ್ಲ. ಕೆಳಗೆ ಬೆಂಚಿನ ಮೇಲಿದ್ದ ಮೂವರು ಪಂಡಿತರು ಮೂರು ದಿಕ್ಕಿಗೆ ಹಾರಿದರು. ಬೆಂಚು ಪುಡಿಯಾಯಿತು. ಅದರಾಚೆಯ ಮರಳು ರಾಶಿಯಲ್ಲಿ ಲಾರಿ ಮೆತ್ತಗೆ ಕೂತಿತು.

“ಅತ್ತೇ! ಯಾಕೆ ಎತ್ತಿದ್ರಿ?”

“ಇನ್ನೇನು ಮಾಡ್ಲಿ?” ಎಂದರು ಅವರು, ಸೆರಗು ಸರಿಪಡಿಸುತ್ತ. “ಏರಿಗೆ ಎತ್ತು, ಇಳಿಜಾರಿಗೆ ಇಳಿಸು. ನನಗೆ ನೆನಪಿರ್ಲಿ ಅಂತ ಅವರೇ ವೈರು ಬದಲಾಯಿಸಿಕೊಟ್ಟಿದ್ರು. ತಿರುವಲ್ಲಿ ಅವರ ಎರಡು ಕೈಗೂ ಕೆಲಸ. ಗುಂಡಿ ಯಾವತ್ತೂ ನಂದೇ.” ಗುಂಡಿಯತ್ತ ನೋಡಿ ಕೇಳಿದರು, “ಅದನ್ನ ಬಿಚ್ಚಿದ್ದು ಯಾರು?”

ಧೂಳು ಕೊಡವುತ್ತಿದ್ದ ಮೂವರೂ ಎಲ್ಲಬಲ್ಲನತ್ತ ಬೆರಳು ತೋರಿಸಿದರು. ಅಂದು ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ವೈರುಗಳು ಮತ್ತೆ ಅದಲುಬದಲಾದವು. ಅತ್ತೆಯವರು ಮಗನನ್ನು ಕರೆದರು. “ಸ್ಟೇರಿಂಗ್ ನೀನು ಹಿಡಿ, ಗುಂಡಿ ನಾನು ನೋಡ್ಕೋತೀನಿ. ನಾನು ಭಾರವೇನೋ?”

“ಇಲ್ಲಮ್ಮ,” ಎಂದ ಮಗ, ತಲೆ ತಗ್ಗಿಸಿ.

“ಅತ್ತೆ, ನಾನು?”

ಅತ್ತೆಯವರು ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಕಿಂಚಿತ್ತೂ ಕಡಿಮೆ ಮಾಡಲಿಲ್ಲ. “ಅಳಿಯಂದ್ರು ದಯವಿಟ್ಟು ಒಂದು ದಪ್ಪ ಕಲ್ಲು ಎತ್ಕೊಂಡು ಹಿಂದೆ ಹಿಂದೆ ನಡ್ಕೊಂಡು ಬರ್ಬೇಕು. ಲಾರಿ ನಿಂತ್ರೆ ಚಕ್ರಕ್ಕೆ ಕೊಡೋಕೆ.”

ಟಕ್ ಎಂದಿತು ಆಕ್ಸಲ್. ಲಾರಿ ಎಲ್ಲಿಯೂ ನಿಲ್ಲದೆ ದಿಬ್ಬ ಹತ್ತಿತು. ಎಣ್ಣೆ ಮೆತ್ತಿದ ಅಂಗಿಯ ಎಲ್ಲಬಲ್ಲ, ಎದೆಗೆ ಕಲ್ಲು ಅವಚಿಕೊಂಡು, ಹೊಗೆ ಕುಡಿಯುತ್ತ ಶಾಲೆಯ ಗೇಟಿನವರೆಗೂ ನಡೆದ. ಆ ಕಲ್ಲು ಯಾರಿಗೂ ಬೇಕಾಗಲಿಲ್ಲ.