ಕೋಚ್ ಮನೆ ಮಾರಾಟಕ್ಕಿದೆ

ಐದು ವರ್ಷ, ಐವತ್ತೆರಡು ಪಂದ್ಯ, ಗೆಲುವು ಹನ್ನೊಂದು. ಯಾರಾದರೂ ಕೇಳಿದರೆ ವೆಂಡೆಲ್ ಕ್ರೌಸ್ ಇದನ್ನು ಹೇಳುತ್ತಿದ್ದ. ಯಾರೂ ಕೇಳದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಒಮ್ಮೆ ದಂತವೈದ್ಯರ ಕುರ್ಚಿಯಲ್ಲೂ ಹೇಳಿದ್ದುಂಟು (ಬಾಯಿ ತುಂಬ ಹತ್ತಿ ಇದ್ದದ್ದರಿಂದ ಬೈಗುಳ ಮಾತ್ರ ಸ್ಪಷ್ಟವಾಗಲಿಲ್ಲ).

ಆಡೆಲ್‌ಬರ್ಗ್ ಕಾಲೇಜಿನ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ತಂಡದ ಹೆಸರು ‘ಕಾಡುಕೋಣಗಳು’. ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ಮಗು ಅಮ್ಮ ಅನ್ನುವುದಕ್ಕೆ ಮೊದಲು ಕೋಣ ಅನ್ನುತ್ತದೆ. ಅಪ್ಪನ ತೊಡೆಯ ಮೇಲೆ ಕೂತು ಪಂದ್ಯ ನೋಡಲು ಶುರು ಮಾಡಿದ ವೆಂಡೆಲ್, ಅರವತ್ತೆರಡಾದರೂ ಹದಿನಾಲ್ಕನೇ ಗ್ಯಾಲರಿಯ ಅದೇ ಹಲಗೆ ಬಿಟ್ಟಿರಲಿಲ್ಲ. ಪಾಪ್ಲರ್ ಬೀದಿಯ ಅವನ ಮನೆಯ ಮೇಲೆ ವರ್ಷವಿಡೀ ತಂಡದ ಹಳದಿ ಬಾವುಟ ಹಾರುತ್ತಿತ್ತು. ಮುಂದಿನ ಹುಲ್ಲಿನಲ್ಲಿ ಕರುವಿನಷ್ಟೆತ್ತರದ ಗಾರೆಯ ಕೋಣವೊಂದು ಬೀದಿಯನ್ನೇ ಗುರಾಯಿಸುತ್ತ ನಿಂತಿತ್ತು.

ಅಂಥ ತಂಡವನ್ನು ಟ್ರೆಂಟ್ ಹ್ಯಾನಿಗನ್ ಎಂಬ ಕೋಚ್ ಬಂದು ಕುರಿಮಂದೆ ಮಾಡಿದ್ದ. ಎದುರಾಳಿ ನುಗ್ಗಿ ಬಂದರೆ ‘ಬನ್ನಿ ಸ್ವಾಮಿ’ ಎಂದು ದಾರಿ ಬಿಡುವ ಆಟಗಾರರು! ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿರೋ ಅಂದರೆ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೆಳಗೆ ಹಾಕುವ ಶೂರರು! ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ಆ ಶನಿವಾರವಂತೂ, ಸ್ವಂತ ಬಸ್ಸೂ ಇಲ್ಲದ ಯಾವುದೋ ಕಾಲೇಜಿನ ಕೈಲಿ ನಲವತ್ತೊಂದು–ಆರರಿಂದ ಸೋತರು. ಅದೇ ಸಂಜೆ ಕಾಲೇಜಿನ ಪ್ರಕಟಣೆ: ಕೋಚ್ ಹ್ಯಾನಿಗನ್ ಇನ್ನೂ ನಾಲ್ಕು ವರ್ಷ ಮುಂದುವರಿಯುತ್ತಾರೆ, ತಂಡಕ್ಕೆ ಸ್ಥಿರತೆ ಬೇಕು.

“ಸ್ಥಿರತೆಯಂತೆ! ಕೇಳಿದ್ಯಾ ಮಾರ್ಲಿಸ್?” ವೆಂಡೆಲ್ ಹೆಂಡತಿಯ ಮುಂದೆ ಮೇಜು ಗುದ್ದಿದ. “ವಾರ ತಪ್ಪದೆ ಸೋಲೋದಕ್ಕೆ ಸ್ಥಿರತೆ ಅಂತಾರಂತೆ! ನನ್ನ ಎದೆ ಉರೀತಾ ಇದೆ.”

“ಉರೀದೆ ಇನ್ನೇನು? ಮೂರನೇ ಬಟ್ಟಲು ಖಾರದ ಸಾರು ಬೇಡ ಅಂದೆ, ಕೇಳಿದ್ಯಾ?”

“ಅವನು ಊರು ಬಿಡಬೇಕು ಕಣೇ. ಅಲ್ಲೀವರೆಗೂ ನನಗೆ ನಿದ್ದೆ ಇಲ್ಲ.”

“ನಿನ್ನೆ ರಾತ್ರಿ ಗೊರಕೆ ಹೊಡೆದೋರು ಯಾರೋ, ನನಗೆ ಗೊತ್ತಿಲ್ಲಪ್ಪ.”

ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಕೋಚ್ ಸೋಲುತ್ತಲೇ ಹೋದರೆ ಅಭಿಮಾನಿಗಳು ಅವನ ಮನೆಯ ಮುಂದೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ನೆಟ್ಟು ಬರುತ್ತಾರೆ. ಗಂಟುಮೂಟೆ ಕಟ್ಟಪ್ಪ ಎಂದು ಅರ್ಥ. ಮಾರ್ಲಿಸ್ ಊರಿನಲ್ಲಿ ಮನೆ ಮಾರಿಸಿಕೊಡುವ ಏಜೆಂಟ್. ಅಂಥ ಒಂದು ಡಜನ್ ಬೋರ್ಡು ವೆಂಡೆಲ್‌ನ ಗ್ಯಾರೇಜಿನಲ್ಲೇ ಗೋಡೆಗೊರಗಿದ್ದವು. ಇದು ದೈವಪ್ರೇರಣೆಯಲ್ಲದೆ ಮತ್ತೇನು?

ಭಾನುವಾರ ಬೆಳಿಗ್ಗೆ ವೆಂಡೆಲ್ ಕೆಮ್ಮಿದ. ಚರ್ಚಿನಲ್ಲಿ ಕೆಮ್ಮಿದರೆ ಪಾದ್ರಿಗೆ ತೊಂದರೆ ಎಂದು ಹೆಂಡತಿಯೊಬ್ಬಳನ್ನೇ ಕಳಿಸಿದ. ಕೋಚ್ ದಂಪತಿ ಸಮೇತ ಇಡೀ ಊರು ಪ್ರಾರ್ಥನೆಯಲ್ಲಿದ್ದಾಗ ಈ ಧರ್ಮವೀರ ಬೋರ್ಡು ಹೊತ್ತುಕೊಂಡು ಹೋಗಿ, ಕೋಚ್ ಮನೆಯ ಹುಲ್ಲಿನಲ್ಲಿ ನೆಟ್ಟು, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಕೆಮ್ಮು ಪೂರ್ತಿ ವಾಸಿಯಾಗಿ ಮನೆಗೆ ಬಂದ.

ಬೋರ್ಡಿನ ಮೇಲೆ ಮಾರ್ಲಿಸಳ ನಗುಮುಖದ ದೊಡ್ಡ ಫೋಟೋ ಇತ್ತು. ಕೆಳಗೆ ಅವಳ ಫೋನ್ ನಂಬರು. ಮೂವತ್ನಾಲ್ಕು ವರ್ಷದಿಂದ ದಿನಾ ನೋಡುವ ಮುಖವಾದ್ದರಿಂದ ಅವನಿಗೆ ಅದು ಕಾಣಿಸಲೇ ಇಲ್ಲ.

ಮಧ್ಯಾಹ್ನ ಮಾರ್ಲಿಸ್ ಬಂದಳು.

“ನನ್ನ ಬೋರ್ಡು ತಾನಾಗೇ ನಡ್ಕೊಂಡು ಹೋಯ್ತಾ, ವೆಂಡೆಲ್?”

ವೆಂಡೆಲ್‌ಗೆ ಕೆಮ್ಮು ಮರುಕಳಿಸಿತು. “ಯಾ... ಯಾವ ಬೋರ್ಡು?”

“ಕೋಚ್ ಹೆಂಡ್ತಿ ಶೆಲ್ಬಿ ಫೋನ್ ಮಾಡಿದ್ಲು. ಅಳ್ತಾಳೇನೋ ಅನ್ಕೊಂಡೆ, ನಾಚಿಕೆಯಿಂದ ನೆಲ ಕುಸೀಬಾರದಾ ಅನ್ನಿಸ್ತು. ಅವಳು ನೋಡಿದ್ರೆ, ‘ನಿಮಗೆ ಹೇಗೆ ಗೊತ್ತಾಯ್ತು?’ ಅಂತಾಳೆ! ಆ ಮನೆ ನೆಲಮಾಳಿಗೆಗೆ ಮಳೆ ಬಂದಾಗೆಲ್ಲ ನೀರು ನುಗ್ಗತ್ತಂತೆ. ಬೇರೆ ಮನೆ ತಗೊಳ್ಳೋಣ ಅಂತ ಎರಡು ವರ್ಷದಿಂದ ಗಂಡನ ತಲೆ ತಿಂತಿದ್ಲಂತೆ. ಈಗ ಹೇಗೂ ನಾಲ್ಕು ವರ್ಷ ಕೆಲಸ ಗಟ್ಟಿಯಾಯ್ತಲ್ಲ.”

“ಹೋಗ್ಲಿ ಬಿಡು, ದೂರ ಎಲ್ಲಾದ್ರೂ...”

“ಚರ್ಚಿಂದ ನೇರವಾಗಿ ಅವರ ಮನೆಗೆ ಹೋಗಿ, ಇಬ್ಬರನ್ನೂ ಕರ್ಕೊಂಡೋಗಿ ಒಂದು ಮನೆ ತೋರಿಸ್ದೆ. ನೋಡಿದ ತಕ್ಷಣ ಒಪ್ಪಿಬಿಟ್ರು. ಒಂಬತ್ತು ತಿಂಗಳಿಂದ ಯಾರೂ ಕೇಳದೆ ಬಿದ್ದಿತ್ತು, ಪಾಪ.”

“ಯಾವ ಮನೆ?”

ಮಾರ್ಲಿಸ್ ಅಡುಗೆಮನೆಯ ಕಿಟಕಿಯತ್ತ ಕೈ ತೋರಿಸಿದಳು. ಪಕ್ಕದ್ದು!

ತಿಂಗಳೊಪ್ಪತ್ತಿನಲ್ಲಿ ಸಾಮಾನಿನ ಲಾರಿ ಬಂತು. ಮಾರ್ಲಿಸ್ ಒಂದು ಕೈಯಿಂದ ಸೇಬಿನ ಪೈ ಕೊಟ್ಟು, ಇನ್ನೊಂದು ಕೈಯಿಂದ ಗಂಡನನ್ನು ಬಾಗಿಲಾಚೆ ನೂಕಿದಳು. ಸೋಫಾದ ಒಂದು ತುದಿ ವೆಂಡೆಲ್, ಇನ್ನೊಂದು ತುದಿ ಕೋಚ್. ಮೂರೇ ಮೆಟ್ಟಿಲು ಹತ್ತಬೇಕಿತ್ತು. ಎರಡನೆಯದರಲ್ಲಿ ಕೋಚ್ ತನ್ನ ತುದಿಯನ್ನು ತನ್ನ ಕಾಲಿನ ಮೇಲೆಯೇ ಬಿಟ್ಟುಕೊಂಡ.

“ಎರಡೂ ಕೈಲಿ ಹಿಡೀರಿ ಅಂತ ಐದು ವರ್ಷದಿಂದ ಬಡ್ಕೊಳ್ತಾ ಇದ್ದೀನಲ್ರೀ!” ವೆಂಡೆಲ್ ಕಿರುಚಿದ.

“ಎಲ್ಲಿ ಹೇಳಿದ್ರಿ?” ಎಂದ ಕೋಚ್, ಕುಂಟುತ್ತ.

“ಹದಿನಾಲ್ಕನೇ ಗ್ಯಾಲರಿಯಿಂದ!”

“ಓ, ಅದು ನೀವಾ? ಒಳ್ಳೇ ಗಂಟಲು ನಿಮ್ದು.”

ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ? ದಿನಾ ಬೆಳಿಗ್ಗೆ ಬೇಲಿಯಾಚೆಯಿಂದ ಕೈ ಬೀಸುತ್ತಿದ್ದ. ತನ್ನ ಮನೆಯ ಎಲೆ ಗುಡಿಸುವಾಗ ವೆಂಡೆಲ್‌ನ ಮನೆಯದನ್ನೂ ಗುಡಿಸಿಬಿಡುತ್ತಿದ್ದ. ಇನ್ನೂ ಘೋರವೆಂದರೆ, ಅವನ ಮನೆಯ ಮೇಲೆ ತಂಡದ ಒಂದು ಬಾವುಟವೂ ಇರಲಿಲ್ಲ! ಕೆಲಸವನ್ನು ಮನೆಗೆ ತರಬಾರದೆಂದು ಶೆಲ್ಬಿಯ ಕಟ್ಟಪ್ಪಣೆಯಂತೆ. ವೆಂಡೆಲ್‌ಗೆ ಮೈಯೆಲ್ಲ ಉರಿದುಹೋಯಿತು.

ಗುರುವಾರ ಊರ ರೇಡಿಯೋದಲ್ಲಿ ಅಭಿಮಾನಿಗಳು ಫೋನ್ ಮಾಡಿ ಕೋಚನ್ನು ಬೈಯುವ ಕಾರ್ಯಕ್ರಮವಿತ್ತು. ವೆಂಡೆಲ್ ದನಿ ಬದಲಿಸಿ, “ಆ ಮಹಾಶಯ ಈಗ ಪಾಪ್ಲರ್ ಬೀದಿಗೆ ಬಂದು ಸೇರ್ಕೊಂಡಿದಾನೆ. ಬೋರ್ಡು ಇರೋರು ಸ್ವಲ್ಪ ಯೋಚನೆ ಮಾಡಿ” ಎಂದ. ಮನೆ ನಂಬರು ಹೇಳಬೇಕು ಅನ್ನುವಷ್ಟರಲ್ಲಿ ಮಾರ್ಲಿಸ್ ಒಳಗೆ ಬಂದಳು. ಫೋನ್ ಕುಕ್ಕಿಬಿಟ್ಟ.

ಶನಿವಾರ ವರ್ಷದ ಕೊನೆಯ ಪಂದ್ಯ. ಮೂವತ್ತೆಂಟು–ಮೂರು. (ಯಾರಿಗೆ ಯಾವುದು ಅಂತ ಕೇಳಬೇಡಿ.)

ಭಾನುವಾರ ಬೆಳಿಗ್ಗೆ ಪೇಪರ್ ತರಲು ಹೊರಗೆ ಬಂದ ವೆಂಡೆಲ್ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಹುಲ್ಲಿನ ತುಂಬ ‘ಮನೆ ಮಾರಾಟಕ್ಕಿದೆ’! ಹದಿನೇಳು ಬೋರ್ಡು. ಅವುಗಳಲ್ಲಿ ಐದರ ಮೇಲೆ ಮಾರ್ಲಿಸ್ ನಗುತ್ತಿದ್ದಳು. ಗಾರೆಯ ಕೋಣದ ಕುತ್ತಿಗೆಗೆ ‘ಹೊರಡು ಮಾರಾಯ’ ಎಂಬ ರಟ್ಟು ನೇತುಹಾಕಿದ್ದರು. ಅಕ್ಕಪಕ್ಕದ ಊರುಗಳಿಂದ ಬಂದ ಅಭಿಮಾನಿಗಳ ತಪ್ಪೇನಿದೆ? ಇಡೀ ಬೀದಿಯಲ್ಲಿ ತಂಡದ ಬಾವುಟ ಹಾರುತ್ತಿದ್ದದ್ದು, ಕೋಣ ನಿಂತಿದ್ದದ್ದು ಇದೊಂದೇ ಮನೆಯ ಮುಂದೆ. ಕೋಚ್ ಮನೆ ಇದಲ್ಲದೆ ಇನ್ಯಾವುದು?

ಪಕ್ಕದ ಜಗಲಿಯಲ್ಲಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ ಕೋಚ್ ಮರುಕದಿಂದ ನೋಡಿದ.

“ಮನಸ್ಸಿಗೆ ಹಚ್ಕೋಬೇಡಿ ವೆಂಡೆಲ್. ಮೊದಮೊದಲು ಬೇಜಾರಾಗತ್ತೆ, ಆಮೇಲೆ ಅಭ್ಯಾಸ ಆಗತ್ತೆ.”

ವೆಂಡೆಲ್ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ಮಾರ್ಲಿಸಳ ದನಿ ಬೀದಿಗೇ ಕೇಳಿಸುವಂತಿತ್ತು.

“ಹೌದು ಸಾರ್, ಪಾಪ್ಲರ್ ಬೀದಿದೇ. ಮೂರು ರೂಮು, ನೆಲಮಾಳಿಗೆ ಒಣಗಿದೆ, ಪಕ್ಕದಲ್ಲಿ ಬಹಳ ಒಳ್ಳೇ ಜನ... ಅಯ್ಯೋ, ಖಾಲಿ ಇಲ್ಲ ಸಾರ್. ಒಳಗೆ ಹಳೇದೊಂದಿದೆ, ಹಗಲೂ ರಾತ್ರಿ ಕೂಗಾಡ್ತಾ ಇರತ್ತೆ. ಅದನ್ನೂ ಸೇರಿಸಿ ತಗೊಳ್ಳೋದಾದ್ರೆ ಮಾತಾಡೋಣ.”