ತೊಟ್ಟಿಲ ಕಾವಲು

ನಿವೃತ್ತನಾದ ಮೇಲೆ ಉಳಿ ಹಿಡಿದವನ ತಲೆಗೆ ಗೆದ್ದಲು ಮೊದಲು ಹತ್ತುತ್ತದೆ, ಮರಕ್ಕೆ ಆಮೇಲೆ. ಬ್ಯಾಂಕಿನ ಕೆಲಸ ಮುಗಿಸಿ ವಡೋದರದ ಗೋರ್ವಾದಲ್ಲೇ ಉಳಿದ ನನಗೆ ಈ ಮಳೆಗಾಲ ಆದದ್ದೂ ಅದೇ. ಸೂರತ್ತಿನಲ್ಲಿರುವ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ನಾಮಕರಣ ನಮ್ಮಲ್ಲಿ. "ತೊಟ್ಟಿಲು ನಾನೇ ಮಾಡ್ತೀನಿ" ಎಂದು ಬೀಗರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಹಿತ್ತಲ ಶೆಡ್ಡಿನಲ್ಲಿ ತೊಟ್ಟಿಲು ಮುಗಿಯುತ್ತ ಬಂದಾಗ ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆಯೊಂದು ಕಂಡಿತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಟಕ್ ಟಕ್

ಗೆದ್ದಲು ತಿಂದ ಮರವನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದಂತೆ. ತೊಟ್ಟಿಲು, ಕಪಾಟು, ಕಿಟಕಿ, ಕಂಡದ್ದನ್ನೆಲ್ಲ ತಟ್ಟತೊಡಗಿದೆ. ದೇವರ ಮನೆಗೆ ಮಾತ್ರ ಮಡಿ ಅಂತ ಹೆಂಡತಿ ಬಿಡಲಿಲ್ಲ. ನಾನು ತಟ್ಟಿದಾಗಲೆಲ್ಲ ಅವಳು ಯಾರೋ ಬಂದರೆಂದು ಮುಂಬಾಗಿಲು ತೆಗೆಯುವುದು, ಗೊಣಗುತ್ತ ಮುಚ್ಚುವುದು. ನಾಲ್ಕನೇ ಸಲ ಅಡುಗೆಮನೆಯಿಂದಲೇ ಕೂಗಿದಳು: "ಸಾಕು ನಿಲ್ಸ್ರೀ, ನಿಮಗೇನು ಹುಚ್ಚು ಹಿಡಿದಿದ್ಯಾ?"

ಈ ಸಲ ತಟ್ಟಿದ್ದು ನಾನಲ್ಲ; ಬಾಗಿಲಾಚೆ, ತೊಟ್ಟಿಲು ನೋಡಲೆಂದು ಸೂರತ್ತಿನಿಂದ ಬಂದ ಬೀಗರು ನಿಂತಿದ್ದರು.

ನಾಲ್ಕು ಡಬ್ಬಿ ನೀರು

ಕಾಲುಗಳನ್ನು ನೀರಿನಲ್ಲಿಟ್ಟರೆ ಗೆದ್ದಲು ಹತ್ತಲಾರದೆಂದು ಪಕ್ಕದ ಮನೆಯವರು ಹೇಳಿದರು. ನಾಲ್ಕು ಡಬ್ಬಿಗೆ ನೀರು ತುಂಬಿ, ತೊಟ್ಟಿಲ ನಾಲ್ಕು ಕಾಲನ್ನೂ ಅವುಗಳಲ್ಲಿ ನಿಲ್ಲಿಸಿ, ಆ ವಾರ ನೆಮ್ಮದಿಯಾಗಿ ಮಲಗಿದೆ. ಆಮೇಲೆ ನಿಂತ ನೀರು ಹುಡುಕಿಕೊಂಡು ಆರೋಗ್ಯ ಕಾರ್ಯಕರ್ತೆ ಬಂದಳು. ಡಬ್ಬಿಯೊಳಗೆ ಟಾರ್ಚ್ ಬಿಟ್ಟವಳು ನನ್ನತ್ತ ತಿರುಗಿ, "ಕಾಕಾ, ಮಚ್ಛರ್ ಪಾಳ್ಯಾ ಛೇ?" ಅಂದಳು.

ಹೌದು, ಮೊಮ್ಮಗಳ ತೊಟ್ಟಿಲಿನ ನಾಲ್ಕು ಕಾಲಿಗೂ ನಾನು ಸೊಳ್ಳೆ ಸಾಕಿದ್ದೆ.

ಹಾಲಿನ ಅಭಿಷೇಕ

ಅಷ್ಟರಲ್ಲಿ ತೊಟ್ಟಿಲಿಂದ ಮಾರು ದೂರದಲ್ಲಿ ಗೆದ್ದಲು ಗೇಣುದ್ದ ಹುತ್ತವನ್ನೇ ಎಬ್ಬಿಸಿತ್ತು. ಔಷಧಿ ಹೊಡೆಯುವವನನ್ನು ಕರೆಸಿದೆ. ಅವನು ಬರುವ ದಿನವೇ ನಾಗರ ಪಂಚಮಿ.

ಹುತ್ತ ನೋಡಿದ ಹೆಂಡತಿಯ ಕಣ್ಣು ತುಂಬಿತು. "ಹದಿನಾಲ್ಕು ವರ್ಷ ಮಣೆ ಮೇಲೆ ಬರೆದ ನಾಗಪ್ಪಂಗೇ ಹಾಲೆರೆದೆ ಕಣ್ರೀ. ಈಗ ಅವನೇ ಮನೆಗೆ ಬಂದಿದ್ದಾನೆ!"

ಗಂಟೆಯೊಳಗೆ ಊರಿನ ಇನ್ನೊಂದು ತುದಿಯ ಮಕರಪುರದಿಂದಲೂ ಕನ್ನಡದ ಹೆಂಗಸರು ಹಾಲು, ತಂಬಿಟ್ಟು ಹಿಡಿದು ಬಂದರು. ನನ್ನ ವೈರಿಗೆ ನನ್ನ ಶೆಡ್ಡಿನಲ್ಲೇ ಲೀಟರುಗಟ್ಟಲೆ ಹಾಲು! ಔಷಧಿಯವನು ಪಂಪು ಹೊತ್ತು ಬಂದವನೇ ಅರಿಸಿನ ಕುಂಕುಮ ನೋಡಿ ಚಪ್ಪಲಿ ಬಿಟ್ಟು ಕೈಮುಗಿದ.

"ಯೇ ಮುಝ್ಸೇ ನಹೀ ಹೋಗಾ, ಸಾಹೇಬ್" ಎಂದು ಎರಡು ತಂಬಿಟ್ಟು ತಿಂದು ಹೊರಟೇಹೋದ.

"ತೊಟ್ಟಿಲ ಗತಿ ಏನೇ?" ಅಂದೆ. ಅಳು ಬರುವುದೊಂದು ಬಾಕಿ.

"ಎತ್ತಿ ಒಳಗಿಡಿ" ಅಂದಳು.

ಇಷ್ಟು ದಿನದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

ನಾಮಕರಣ

ತೊಟ್ಟಿಲು ನಡುಮನೆಯಲ್ಲಿ ಲಕಲಕ ಹೊಳೆಯುತ್ತಿತ್ತು. ಬೀಗರು ನಾಲ್ಕೂ ಕಡೆ ಅಲುಗಿಸಿ ನೋಡಿ, "ಗಟ್ಟಿಯಾಗಿದೆ" ಎಂದು ಒಪ್ಪಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ನನ್ನನ್ನು ಕರೆದರು. ಈ ಸಲ ಕೆಲಸವಿಲ್ಲದೆ ದೇವರ ಮನೆಯಲ್ಲೇ ಉಳಿದಿದ್ದ ಆ ನಾಗಪ್ಪನ ಮಣೆಯನ್ನು ಹೆಂಡತಿ ತೊಳೆದು, ರಂಗೋಲಿ ಎಳೆದು ತಂದಿಟ್ಟಳು. ನಾನು ಗತ್ತಿನಿಂದ ಕೂತೆ.

ಮಣೆ ಹಪ್ಪಳದ ಹಾಗೆ ಮುರಿದು ನಾನು ನೆಲಕ್ಕೆ ಬಿದ್ದೆ. ಒಳಗೆ ಮರವೇ ಇರಲಿಲ್ಲ, ಬರೀ ಮಣ್ಣು ಮತ್ತು ಗಾಬರಿಯಿಂದ ಓಡುತ್ತಿದ್ದ ಗೆದ್ದಲು. ತೊಟ್ಟಿಲು ಅಲುಗಲಿಲ್ಲ, ಮಗು ಏಳಲಿಲ್ಲ.

ನನ್ನನ್ನು ಎಬ್ಬಿಸುತ್ತ ಹೆಂಡತಿ ಅಂದಳು:

"ಊರಲ್ಲಿರೋದನ್ನೆಲ್ಲ ತಟ್ಟಿದ್ರಿ. ಕೂರೋಕೆ ಮುಂಚೆ ಇದೊಂದನ್ನ ತಟ್ಟಿ ನೋಡಬಾರದಿತ್ತೇನ್ರೀ?"